ಹವಾಯಿಯ ಕಂದು ಮುದ್ರೆಯ ನೋಟು

ಪರ್ಲ್ ಹಾರ್ಬರ್ ಎಂದೊಡನೆ ಕಣ್ಣಿಗೆ ಬರುವುದು ಉರಿಯುವ ಹಡಗುಗಳು. 1941ರ ಡಿಸೆಂಬರ್ 7ರ ಭಾನುವಾರ ಬೆಳಗ್ಗೆ ಜಪಾನಿನ ವಿಮಾನಗಳು ಎರಗಿದವು. ಎರಡು ಗಂಟೆಯೊಳಗೆ ಎಲ್ಲ ಮುಗಿಯಿತು. ಸತ್ತವರು 2,403. ಅವರಲ್ಲಿ 68 ಮಂದಿ ನಾಗರಿಕರು. ಹಲವರನ್ನು ಕೊಂದದ್ದು ಶತ್ರುವಿನ ಬಾಂಬಲ್ಲ, ವಿಮಾನಗಳಿಗೆ ಗುರಿಯಿಟ್ಟು ಹಾರಿಸಿದ ಅಮೆರಿಕದ್ದೇ ಶೆಲ್ಲುಗಳು ಹೊನೊಲುಲುವಿನ ಬೀದಿಗಳಲ್ಲಿ ಬಿದ್ದು ಸಿಡಿದದ್ದು.

ಆಮೇಲಿನ ಕಥೆ ಅಷ್ಟು ಪ್ರಸಿದ್ಧವಲ್ಲ. ಲೆಕ್ಕ ಬರೆಯುವ ಕಸುಬಿನವನಾದ ನನ್ನನ್ನು ಅದರತ್ತ ಎಳೆದದ್ದು ಒಂದು ನೋಟು.

ಅಂದೇ ದ್ವೀಪಗಳಲ್ಲಿ ಸೈನಿಕ ಆಡಳಿತ ಬಂತು. ದೊಡ್ಡವರು ಮಕ್ಕಳೆನ್ನದೆ ಬೆರಳಚ್ಚು ತೆಗೆದರು, ರಾತ್ರಿ ದೀಪ ಹಚ್ಚುವಂತಿಲ್ಲ ಎಂದರು. 1942ರ ಜನವರಿಯಲ್ಲಿ ಇನ್ನೊಂದು ಆಜ್ಞೆ: ಕೈಯಲ್ಲಿರುವ ನೋಟುಗಳನ್ನು ಒಪ್ಪಿಸಿ. ಒಬ್ಬರು 200 ಡಾಲರ್, ವ್ಯಾಪಾರಸ್ಥರು 500 ಡಾಲರ್ ಇಟ್ಟುಕೊಳ್ಳಬಹುದು. ಜೂನ್‌ನಲ್ಲಿ ಹೊಸ ನೋಟು ಬಂತು. ಕಂದು ಮುದ್ರೆ, ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ‘ಹವಾಯಿ’. ಆಗಸ್ಟ್ 15ರಿಂದ ಅದೊಂದೇ ಚಲಾವಣೆ. ಹಿಂತಿರುಗಿದ ಸುಮಾರು 20 ಕೋಟಿ ಡಾಲರ್ ಹಳೆಯ ನೋಟುಗಳನ್ನು ಶವಾಗಾರದ ಕುಲುಮೆಯಲ್ಲಿ ಸುಟ್ಟರು. ಅದು ಸಾಲದೆ ಸಕ್ಕರೆ ಕಾರ್ಖಾನೆಯ ಕುಲುಮೆಗೂ ಹಾಕಿದರು.

2016ರ ನವೆಂಬರ್ ನೆನಪಿರುವ ನಮ್ಮವರಿಗೆ ಇದು ಪರಿಚಿತವೆನಿಸೀತು. ಆದರೆ ಇಲ್ಲಿ ಹುಡುಕಿದ್ದು ಕಪ್ಪುಹಣವನ್ನಲ್ಲ. ಜಪಾನ್ ದ್ವೀಪಗಳನ್ನು ಗೆದ್ದರೆ, ‘ಹವಾಯಿ’ ಎಂದಿರುವ ನೋಟೆಲ್ಲ ಅಮಾನ್ಯವೆಂದು ವಾಷಿಂಗ್ಟನ್ ಒಂದು ಮಾತು ಹೇಳಿದರೆ ಮುಗಿಯಿತು. ನಮ್ಮ ಭಾಷೆಯಲ್ಲಿ ಇದು ನಷ್ಟಕ್ಕೆ ಮೊದಲೇ ಮಾಡಿಟ್ಟ ಪ್ರಾವಿಷನ್. ಆ ನೋಟು ಕೊಟ್ಟು ದಿನವೂ ಅಕ್ಕಿ ಕೊಳ್ಳುತ್ತಿದ್ದವನಿಗೆ, ತನ್ನನ್ನೂ ಆ ಬಾಬತ್ತಿಗೇ ಸೇರಿಸಿದ್ದಾರೆಂದು ಅನಿಸಿರಲಾರದೇ?

ಜಪಾನಿ ಮೂಲದವರ ಲೆಕ್ಕವೇ ಬೇರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅಂಥವರನ್ನು ಲಕ್ಷಕ್ಕೂ ಮೀರಿ ಶಿಬಿರಗಳಿಗೆ ಅಟ್ಟಿದರು. ಹವಾಯಿಯಲ್ಲಿ ಜನಸಂಖ್ಯೆಯ ಮೂರನೇ ಒಂದಕ್ಕಿಂತ ಹೆಚ್ಚು ಅವರೇ ಇದ್ದರೂ ಬಂಧಿಸಿದ್ದು ಎರಡು ಸಾವಿರದಷ್ಟನ್ನೂ ಅಲ್ಲ. ಔದಾರ್ಯವೆನ್ನಲು ನನಗೆ ಮನಸ್ಸಿಲ್ಲ. ಅವರನ್ನು ಎತ್ತಿಬಿಟ್ಟರೆ ಕಬ್ಬಿನ ಗದ್ದೆ, ಬಡಗಿ ಕೆಲಸ ಎಲ್ಲ ನಿಲ್ಲುತ್ತಿತ್ತು. ಹಿಡಿದವರಲ್ಲಿ ಅರ್ಚಕರು, ಜಪಾನಿ ಭಾಷೆಯ ಮೇಷ್ಟ್ರುಗಳು, ಪತ್ರಕರ್ತರು ಇದ್ದರು. 1943ರಲ್ಲಿ ತೆರೆದ ಹೊನೊಉಲಿಉಲಿ ಶಿಬಿರವನ್ನು ಯುದ್ಧದ ನಂತರ ಗಿಡಗಂಟಿ ಮುಚ್ಚಿತು. ರಾಷ್ಟ್ರೀಯ ಸ್ಮಾರಕವೆಂಬ ಹೆಸರು ಬಂದದ್ದು 2015ರಲ್ಲಿ.

ಸೈನಿಕ ಆಡಳಿತ 1944ರ ಅಕ್ಟೋಬರ್‌ವರೆಗೂ ನಡೆಯಿತು. ನಾಗರಿಕರನ್ನು ಸೈನಿಕ ನ್ಯಾಯಾಲಯಗಳಲ್ಲಿ ವಿಚಾರಿಸಿದ್ದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1946ರಲ್ಲಿ. ಅಷ್ಟರಲ್ಲಿ ಸಾವಿರಾರು ಜನ ದಂಡ ಕಟ್ಟಿಯಾಗಿತ್ತು.