ಪೇಜ್‌ಮೇಕರ್ ನುಂಗಿದ ಕೊನೆಯ ಪ್ಯಾರಾ

ಮೊನ್ನೆ ಶಿರಾಲಿಯ ಮನೆಗೆ ಹೋದಾಗ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರ್ ಕೆಳಗಿಳಿಸಿದೆ. ಆಶ್ಚರ್ಯ, ಚಾಲೂ ಆಯ್ತು! 2003ರಲ್ಲಿ ಶಾಲೆಯೊಂದರ ಸ್ಮರಣ ಸಂಚಿಕೆಗೆ ನಾನು ಪುಟ ಕಟ್ಟಿದ್ದೆ. ಅದರ ಪೇಜ್‌ಮೇಕರ್ ಫೈಲುಗಳು ಹಾಗೇ ಇದ್ದವು.

ಆ ಸಂಚಿಕೆ ಅಂದರೆ ನನಗೆ ಇವತ್ತಿಗೂ ಮುಜುಗರ. ನಿವೃತ್ತ ಮಾಸ್ತರರೊಬ್ಬರು ಶಾಲೆಯ ಹಳೇ ದಿನಗಳ ಬಗ್ಗೆ ಚೆಂದದ ಲೇಖನ ಬರೆದುಕೊಟ್ಟಿದ್ದರು. ಅಚ್ಚಾಗಿ ಬಂದದ್ದನ್ನು ಓದಿ ಕೇಳಿದ್ದು ಒಂದೇ ಮಾತು: "ಕೊನೆ ಎಲ್ಲಿ ಹೋಯ್ತು ಮಾರಾಯಾ?" ಲೇಖನ ಅರ್ಧಕ್ಕೇ ನಿಂತಿತ್ತು. "ಜಾಗ ಸಾಲ್ಲಿಲ್ಲ ಮಾಸ್ತರ್ರೆ" ಅಂತ ಸುಳ್ಳು ಹೇಳಿದೆ. "ಅಡ್ಡಿಲ್ಲ" ಅಂದರು. ನಿಜ ಏನೆಂದರೆ, ಆ ಪ್ಯಾರಾ ಎಲ್ಲಿ ಹೋಯಿತೆಂದು ನನಗೂ ಗೊತ್ತಿರಲಿಲ್ಲ. ಅದನ್ನು ಕುಟ್ಟಿಯೇ ಇಲ್ಲವೇನೋ ಅಂದುಕೊಂಡಿದ್ದೆ.

ಅದು ಎಲ್ಲಿತ್ತು ಅಂತ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬರಹಕ್ಕೆ ಒಂದು ಕ್ರಮ ಇರುತ್ತದೆ, ಪುಟಕ್ಕೆ ಇನ್ನೊಂದು. ಎರಡನ್ನೂ ಹೊಂದಿಸುವ ತಲೆನೋವು ಕಂಪ್ಯೂಟರಿನಿಂದ ಶುರುವಾದದ್ದಲ್ಲ.

ಓಲೆಗರಿ ನೋಡಿದ್ದೀರಲ್ಲ? ಗರಿಯಲ್ಲಿ ತೂತು, ತೂತಿನೊಳಗೆ ದಾರ. ಬರೆಯುವವನು ತೂತಿನ ಸುತ್ತ ಜಾಗ ಬಿಟ್ಟು ಸಾಲು ಮುಂದುವರಿಸುತ್ತಿದ್ದ. ನಾವು ಚಿತ್ರದ ಸುತ್ತ ಅಕ್ಷರ ಹರಿಸುತ್ತೇವಲ್ಲ, ಅದೇ ಕೆಲಸ :) ಗರಿಯ ಅಂಚಿಗೆ ಅಂಕಿ. ದಾರ ಹರಿದು ಗರಿಗಳು ಚೆಲ್ಲಿದರೂ ಅಂಕಿ ನೋಡಿ ಮತ್ತೆ ಜೋಡಿಸಬಹುದಿತ್ತು.

1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚು. ಕಲ್ಲಚ್ಚಿಗೆ ಇಡೀ ಪುಟವನ್ನು ಕೈಯಲ್ಲೇ ಬರೆಯಬೇಕು. ಜಾಗ ಮುಗಿಯುತ್ತಿದೆ ಅನ್ನುವುದು ಬರೆಯುವ ಕೈಗೇ ಗೊತ್ತಾಗುತ್ತದೆ.

ಆಮೇಲೆ ಸೀಸದ ಮೊಳೆಗಳ ಕಾಲ. ಕಂಪೋಸಿಟರ್ ಒಂದೊಂದೇ ಮೊಳೆ ಜೋಡಿಸಿ, ಸಾಲುಗಳನ್ನು ಗ್ಯಾಲಿ ಎಂಬ ಉದ್ದನೆಯ ತಟ್ಟೆಗೆ ಇಳಿಸುತ್ತಿದ್ದ. ಪ್ರೂಫ್ ತಿದ್ದಿದ ಮೇಲೆ ಅದನ್ನು ಕತ್ತರಿಸಿ ಪುಟ ಕಟ್ಟುವುದು. ಒಂದು ಹಾಳೆಗೆ 16 ಪುಟ ಅಂದರೆ 1ರ ಪಕ್ಕ 16, 4ರ ಪಕ್ಕ 13 ಕೂರುತ್ತವೆ. ಹಾಳೆಯ ಕ್ರಮವೇ ಬೇರೆ, ಮಡಚಿದ ಮೇಲಿನ ಓದಿನ ಕ್ರಮವೇ ಬೇರೆ. ಆದರೆ ಒಂದು ಅನುಕೂಲ ಇತ್ತು. ಪುಟದಲ್ಲಿ ಹಿಡಿಸದೆ ಉಳಿದ ಸಾಲುಗಳು ಗ್ಯಾಲಿಯಲ್ಲೇ ಭಾರವಾಗಿ ಕೂತಿರುತ್ತಿದ್ದವು. ಮೊಳೆಗಳನ್ನು ಮತ್ತೆ ಖಾನೆಗೆ ಹಾಕಲಾದರೂ ಯಾರಾದರೂ ಅದನ್ನು ಕೈಯಲ್ಲಿ ಎತ್ತಲೇಬೇಕಿತ್ತು.

ಅಮೆರಿಕದ ಆಲ್ಡಸ್ ಕಂಪನಿ 1985ರಲ್ಲಿ ಪೇಜ್‌ಮೇಕರ್ ತಂದಿತು. ಕಂಪನಿಯ ಹೆಸರು ವೆನಿಸ್‌ನ ಹಳೇ ಮುದ್ರಕ ಆಲ್ಡಸ್ ಮನೂಷಿಯಸ್‌ನದು. 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. ಮುಂದೆ ನಮ್ಮೂರ ಕಡೆಯ ಡಿಟಿಪಿ ಅಂಗಡಿಗಳಲ್ಲೂ ಮದುವೆ ಕಾಗದದಿಂದ ಹಿಡಿದು ಪುಸ್ತಕದವರೆಗೆ ಪೇಜ್‌ಮೇಕರಿನದೇ ರಾಜ್ಯ. 2001ರ 7ನೇ ಆವೃತ್ತಿಯೇ ಅದರ ಕೊನೆಯದು.

ಪೇಜ್‌ಮೇಕರಿನಲ್ಲಿ ಒಂದು ಲೇಖನ ಅಂದರೆ ಒಂದು 'ಸ್ಟೋರಿ'. ಅದು ಹಲವು ಕಾಲಂಗಳಲ್ಲಿ, ಹಲವು ಪುಟಗಳಲ್ಲಿ ಹರಿದರೂ ಒಳಗೆ ಒಂದೇ ಎಳೆ. ಈ ಜೋಡಣೆಗೆ ಅಲ್ಲಿನ ಹೆಸರೂ 'ಥ್ರೆಡ್', ಅಂದರೆ ದಾರವೇ! ಬ್ಲಾಕಿನ ಕೆಳಗಿನ ಹಿಡಿಕೆಯಲ್ಲಿ ಪ್ಲಸ್ ಗುರುತಿದ್ದರೆ ಬರಹ ಮುಂದೆ ಇನ್ನೊಂದು ಬ್ಲಾಕಿನಲ್ಲಿ ಇದೆ ಅಂತ. ಖಾಲಿ ಇದ್ದರೆ ಮುಗಿಯಿತು ಅಂತ. ಕೆಂಪು ತ್ರಿಕೋನ ಇದ್ದರೆ, ಉಳಿದ ಬರಹಕ್ಕೆ ಜಾಗ ಸಿಕ್ಕಿಲ್ಲ ಅಂತ. ಆದರೆ ಬ್ಲಾಕಿನ ಮೇಲೆ ಕ್ಲಿಕ್ಕಿಸಿದರಷ್ಟೇ ಹಿಡಿಕೆ ಕಾಣುವುದು. ಪ್ರಿಂಟಿನಲ್ಲಂತೂ ತ್ರಿಕೋನ ಬರುವುದೇ ಇಲ್ಲ.

ಈಗ ಅರ್ಥವಾಯಿತಲ್ಲ? ಕೊನೇ ಗಳಿಗೆಯಲ್ಲಿ ಅರ್ಧ ಪುಟದ ಜಾಹೀರಾತೊಂದು ಬಂದಿತ್ತು. ಮಾಸ್ತರರ ಬ್ಲಾಕನ್ನು ಮೇಲಕ್ಕೆ ಸರಿಸಿ ಜಾಗ ಮಾಡಿದ್ದು ನಾನೇ. ತ್ರಿಕೋನ ನೋಡಲಿಲ್ಲ.

ಮೊನ್ನೆ ಲೇಖನವನ್ನು ಯೂನಿಕೋಡಿಗೆ ತರೋಣ ಅಂತ ಬರಹದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಎ ಒತ್ತಿ ನಕಲು ಮಾಡಿದೆ. ಪರಿವರ್ತಕಕ್ಕೆ ಹಾಕಿದರೆ ಅಲ್ಲೂ ಕ್ರಮದ್ದೇ ತಕರಾರು. ನುಡಿಯಲ್ಲಿ 'ಸೂರ್ಯ' ಕುಟ್ಟುವಾಗ ಯ ಆದ ಮೇಲೆ ಅರ್ಕಾವತ್ತು. ಹಳೇ ಫಾಂಟಿನ ಫೈಲಿನಲ್ಲೂ ಅದೇ ಕ್ರಮ, ಕಣ್ಣಿಗೆ ಕಂಡ ಹಾಗೆ. ಯೂನಿಕೋಡಿನಲ್ಲಿ ನುಡಿದ ಕ್ರಮ: ಮೊದಲು ರ, ಆಮೇಲೆ ಹಲಂತ, ಆಮೇಲೆ ಯ. 'ಮ' ಅಂತೂ ಹಳೇ ಫಾಂಟಿನಲ್ಲಿ ಒಂದು ಅಕ್ಷರವೇ ಅಲ್ಲ! ವಕಾರದ ತುಂಡು, ತಲೆಕಟ್ಟು, ಕೊಂಬು ಸೇರಿಸಿ ಮೊಳೆ ಜೋಡಿಸಿದ ಹಾಗೆ ಕಟ್ಟಿದ್ದು. ಪರಿವರ್ತಕ ಇದನ್ನೆಲ್ಲ ಬಿಚ್ಚಿ ಮತ್ತೆ ಸಾಲಿಗೆ ನಿಲ್ಲಿಸಬೇಕು.

ತಪ್ಪು ತಿದ್ದುತ್ತಾ ಕೆಳಗೆ ಬಂದೆ. ಅಚ್ಚಿನಲ್ಲಿ ನಿಂತಿದ್ದ ವಾಕ್ಯ ಬಂತು. ಅದರ ಕೆಳಗೆ ಇನ್ನೂ ಒಂಬತ್ತು ಸಾಲು!

ಪುಟದಲ್ಲಿ ಕಾಣದಿದ್ದರೂ ಸ್ಟೋರಿಯೊಳಗೆ ಇಷ್ಟು ವರ್ಷ ಹಾಗೇ ಇತ್ತು. ಮಳೆಗಾಲದಲ್ಲಿ ಮಕ್ಕಳನ್ನು ಹೊಳೆ ದಾಟಿಸುತ್ತಿದ್ದ ದೋಣಿಯವನನ್ನು ಮಾಸ್ತರರು ಆ ಪ್ಯಾರಾದಲ್ಲಿ ನೆನೆದಿದ್ದರು, ಹೆಸರು ಹಿಡಿದು. ಶಾಲೆಯ ಯಾವ ದಾಖಲೆಯಲ್ಲೂ ಇವನ ಹೆಸರಿಲ್ಲ, ಇಲ್ಲಾದರೂ ಇರಲಿ ಅಂತ ಬರೆದಿದ್ದರು. ನಾನು ಅಲ್ಲೂ ಇಲ್ಲದ ಹಾಗೆ ಮಾಡಿದ್ದೆ.

ಮಾಸ್ತರರು ಈಗಿಲ್ಲ. ಪೂರ್ತಿ ಲೇಖನ ಪ್ರಿಂಟ್ ತೆಗೆದು ಅವರ ಮಗಳಿಗೆ ಕೊಟ್ಟು ಬಂದೆ. ದೋಣಿಯವನ ಮನೆಯವರನ್ನು ಇನ್ನು ಹುಡುಕಬೇಕು.

ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೇ ಪೇಜ್‌ಮೇಕರ್ ಫೈಲುಗಳಿದ್ದರೆ ಅಚ್ಚಾದ ಪುಸ್ತಕ ಇದೆಯಲ್ಲ ಅಂತ ಅಳಿಸಬೇಡಿ. ಒಮ್ಮೆ ತೆರೆದು, ಪ್ರತಿ ಲೇಖನದ ಕೊನೆಯ ಬ್ಲಾಕಿನ ಮೇಲೆ ಕ್ಲಿಕ್ಕಿಸಿ ನೋಡಿ.