ತೆರೆದ ಗಣಿಗಳ ನೀರಂಚಿನಲ್ಲಿ ಯಂತ್ರ ಸುರಕ್ಷತೆ

ತೆರೆದ ಗಣಿಗಳಲ್ಲಿ ನೀರು ನಿಂತ ಹೊಂಡಗಳು, ಅದಿರು ತೊಳೆದ ಕೆಸರನ್ನು ತುಂಬುವ ಕೊಳಗಳು ಮತ್ತು ಮರಳು-ಜಲ್ಲಿ ತೆಗೆಯುವ ಕೆರೆಗಳ ದಡದಲ್ಲಿ ದುಡಿಯುವ ಟಿಪ್ಪರ್, ಡೋಜರ್, ಲೋಡರ್ ಮೊದಲಾದ ಭಾರಿ ಯಂತ್ರಗಳು ನೀರಿಗೆ ಉರುಳದಂತೆಯೂ, ಉರುಳಿದ ಪಕ್ಷದಲ್ಲಿ ಚಾಲಕ ಜೀವಸಹಿತ ಹೊರಬರುವಂತೆಯೂ ಕೈಗೊಳ್ಳುವ ಕ್ರಮಗಳನ್ನು ಈ ಹೆಸರಿನಿಂದ ಗುರುತಿಸಬಹುದು. ಈ ಕ್ರಮಗಳಲ್ಲಿ ದಡದಿಂದ ದೂರವಿರುವುದೇ ಮೊದಲನೆಯದು. ತಡೆಗೋಡೆ ಮತ್ತು ಜೀವರಕ್ಷಕ ಸಾಧನಗಳು ಅದರ ನಂತರ ಬರುತ್ತವೆ.

ಅಪಘಾತದ ಮೂಲ ಬಹುಮಟ್ಟಿಗೆ ನೆಲದಲ್ಲಿಯೇ ಇರುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ತುಂಬಿದ ನೀರು ಕಣಗಳನ್ನು ಪರಸ್ಪರ ದೂಡುವುದರಿಂದ ಅವುಗಳ ನಡುವಿನ ಘರ್ಷಣೆ ತಗ್ಗಿ, ನೆಲದ ಭಾರ ಹೊರುವ ಶಕ್ತಿ ಕುಂದುತ್ತದೆ. ಈ ಒತ್ತಡಕ್ಕೆ ರಂಧ್ರಜಲ ಒತ್ತಡ ಎಂದು ಹೆಸರು. ಒಣ ಮರಳು ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆಯಾದರೂ ತುಸು ತೇವವಿರುವ ಮರಳು ಗೋಡೆಯಂತೆ ನೆಟ್ಟಗೆ ನಿಂತು ಗಟ್ಟಿಯಾಗಿರುವಂತೆ ತೋರುತ್ತದೆ, ಮತ್ತು ಪೂರ್ತಿ ನೆನೆದಾಗ ಆ ಬಿಗಿಯನ್ನು ಕಳೆದುಕೊಂಡು ಕುಸಿಯುತ್ತದೆ. ನೀರಿನ ಕೆಳಗೆ ಬಕೆಟ್ಟಿನಿಂದಲೋ ಡ್ರೆಡ್ಜರಿನಿಂದಲೋ ಅಗೆದಾಗ ದಡದ ಬುಡ ಕೊರೆದುಹೋಗುವುದು ಮೇಲಿನಿಂದ ಕಾಣುವುದಿಲ್ಲ. ಪಂಪು ಹಚ್ಚಿ ಹೊಂಡದ ನೀರನ್ನು ಬೇಗನೆ ಇಳಿಸಿದರೂ ಅಪಾಯವಿದೆ: ದಡಕ್ಕೆ ಹೊರಗಿನಿಂದ ಆಸರೆಯಾಗಿದ್ದ ನೀರು ಹೋಗುತ್ತದೆ, ಒಳಗೆ ಹೀರಿಕೊಂಡ ನೀರು ಮಾತ್ರ ಉಳಿಯುತ್ತದೆ.

ಆದುದರಿಂದ ಪ್ರತಿ ಪಾಳಿಯ ಆರಂಭದಲ್ಲಿ, ಮಳೆ ಬಂದ ಮೇಲೆ ಮತ್ತು ನೀರಿನ ಮಟ್ಟ ಬದಲಾದಾಗ, ಬಲ್ಲವರೊಬ್ಬರು ದಡವನ್ನು ಪರೀಕ್ಷಿಸಿ ಬಿರುಕು, ಕುಸಿತ, ಊಟೆ ಇವುಗಳನ್ನು ಗಮನಿಸಬೇಕು. ನೀರಿನ ಕೆಳಗಿನ ಇಳಿಜಾರನ್ನು ಅಳೆದು, ಮಣ್ಣಿನ ಗುಣ ಮತ್ತು ಯಂತ್ರದ ತೂಕಕ್ಕೆ ತಕ್ಕಂತೆ ದಾಟಬಾರದ ಗೆರೆಯನ್ನು ನಿಶ್ಚಯಿಸಿ, ರಾತ್ರಿಯೂ ಕಾಣುವ ಗುರುತುಗಳನ್ನು ನೆಡಬೇಕು. ದಡದಲ್ಲಿ ಅಗೆಯುವ ಯಂತ್ರದ ಪಟ್ಟಿಗಳು ನೀರಂಚಿಗೆ ಲಂಬವಾಗಿದ್ದರೆ ನೆಲ ಸರಿಯತೊಡಗಿದಾಗ ಅದು ನೇರವಾಗಿ ಹಿಂದೆ ಸರಿಯಬಲ್ಲದು. ಅಂಚಿನ ನೆಲ ಭಾರ ತಡೆಯದೆಂಬ ಶಂಕೆಯಿದ್ದಲ್ಲಿ ಟಿಪ್ಪರಿನ ಹೊರೆಯನ್ನು ಹಿಂದೆಯೇ ಸುರಿಸುವುದು ಸರಿಯಾದ ಪದ್ಧತಿ.

ಅಮೆರಿಕದಲ್ಲಿ 1977ರ ಸಂಯುಕ್ತ ಗಣಿ ಸುರಕ್ಷತೆ ಮತ್ತು ಆರೋಗ್ಯ ಕಾಯಿದೆಯ ಅನುಸಾರ ಕಾರ್ಮಿಕ ಇಲಾಖೆಯ ಗಣಿ ಸುರಕ್ಷತಾ ಆಡಳಿತವು ಜಾರಿಗೊಳಿಸುವ ನಿಯಮಗಳಂತೆ, ವಾಹನ ಉರುಳಿಬೀಳಬಹುದಾದ ರಸ್ತೆಯಂಚಿನಲ್ಲಿ ಮಣ್ಣಿನ ಒಡ್ಡು ಅಥವಾ ತಡೆಗಂಬಿ ಇರಲೇಬೇಕು. ಅದರ ಎತ್ತರ ಆ ರಸ್ತೆಯನ್ನು ಬಳಸುವ ಅತಿದೊಡ್ಡ ವಾಹನದ ಅಚ್ಚಿನ ಮಧ್ಯಭಾಗಕ್ಕಾದರೂ ಮುಟ್ಟಬೇಕು. ಚಕ್ರದ ವ್ಯಾಸ 4 ಮೀಟರ್ ಇರುವ ಬೃಹತ್ ಟ್ರಕ್ಕಿಗೆ ಸುಮಾರು 2 ಮೀಟರ್ ಒಡ್ಡು ಬೇಕೆಂದಾಯಿತು. ಭಾರತದಲ್ಲಿ 1952ರ ಗಣಿ ಕಾಯಿದೆಯಡಿ ರೂಪುಗೊಂಡ 1961ರ ಲೋಹ ಗಣಿ ನಿಯಮಾವಳಿಯು ಮೆದು ಮಣ್ಣು, ಮೊರಂ, ಜಲ್ಲಿ ನೆಲಗಳಲ್ಲಿ ಗಣಿಯ ಬದಿಯನ್ನು 45 ಡಿಗ್ರಿ ಮೀರದ ಇಳಿಜಾರಿನಲ್ಲಿ ಅಥವಾ 1.5 ಮೀಟರ್ ಮೀರದ ಮೆಟ್ಟಿಲುಗಳಾಗಿ ಕಡಿಯಬೇಕೆಂದು ವಿಧಿಸಿತು. ಗಣಿಗಳ ತಪಾಸಣೆಯ ಹೊಣೆ ಧನ್‌ಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಇಂಥ ಸಂಖ್ಯೆಗಳು ಕನಿಷ್ಠ ಸುರಕ್ಷತೆಯ ಮಿತಿಗಳಷ್ಟೇ, ನೆನೆದ ನೆಲದಲ್ಲಿ ಇನ್ನೂ ಕಡಿಮೆ ಇಳಿಜಾರು ಬೇಕಾಗಬಹುದು.

ಯಂತ್ರ ಮುಳುಗಿದರೆ ಚಾಲಕನಿಗೆ ಸಿಗುವ ಕಾಲಾವಕಾಶ ಅತ್ಯಲ್ಪ. ಕ್ಯಾಬಿನ್ನಿನೊಳಗೆ ನೀರು ತುಂಬುವ ಮುನ್ನ, ಸರಾಸರಿ 1 ಮೀಟರ್ ಆಳದಲ್ಲಿರುವ 1 ಚದರ ಮೀಟರ್ ವಿಸ್ತಾರದ ಬಾಗಿಲನ್ನು ಹೊರಗಿನ ನೀರು ಸುಮಾರು 1,000 ಕಿಲೋಗ್ರಾಂ ತೂಕದಷ್ಟು ಬಲದಿಂದ ಅದುಮುವುದರಿಂದ ಅದನ್ನು ಕೈಯಿಂದ ತೆರೆಯಲಾಗದು. ಈ ಕಾರಣದಿಂದ ತುರ್ತು ನಿರ್ಗಮನದ ಕಿಟಕಿ, ಆ ಗಾಜಿಗೆ ಹೊಂದುವ ಒಡೆಯುವ ಸಾಧನ ಮತ್ತು ಕೈಗೆಟುಕುವ ಬೆಲ್ಟ್ ಕತ್ತರಿ ಅವಶ್ಯಕ. ಉರುಳುವಾಗ ಚಾಲಕ ಯಂತ್ರದಡಿ ಸಿಲುಕದಂತೆ ಸೀಟ್ ಬೆಲ್ಟ್ ಕಾಯುತ್ತದೆ. ದಡದಲ್ಲಿ ನಡೆದು ಕೆಲಸ ಮಾಡುವವರಿಗೆ ಜೀವರಕ್ಷಕ ಕವಚ, ಹತ್ತಿರದಲ್ಲಿ ಹಗ್ಗ ಮತ್ತು ದೋಣಿ, ಒಂಟಿಯಾಗಿ ದುಡಿಯುವವರೊಡನೆ ನಿಯಮಿತ ರೇಡಿಯೊ ಸಂಪರ್ಕ ಇರಬೇಕು.

ಒಡ್ಡು ನೆಲದ ಅಂಚನ್ನು ತೋರಿಸುತ್ತದೆಯೇ ಹೊರತು ನೆಲವನ್ನು ಗಟ್ಟಿ ಮಾಡುವುದಿಲ್ಲ. ಕುಸಿಯುವ ದಡದೊಂದಿಗೆ ಅದೂ ಕುಸಿಯುತ್ತದೆ. ದಾಟಬಾರದ ಗೆರೆಯನ್ನು ಗಣಿಯ ಯೋಜನೆಯ ಹಂತದಲ್ಲಿಯೇ ಎಳೆದು, ಶಂಕೆ ಬಂದೊಡನೆ ಕೆಲಸ ನಿಲ್ಲಿಸುವ ಅಧಿಕಾರವನ್ನು ಚಾಲಕನಿಗೇ ಕೊಟ್ಟಾಗ ಉಳಿದ ಸಾಧನಗಳು ಸಾರ್ಥಕವಾಗುತ್ತವೆ.