ಹಳದಿಯ ಮೇಲೆ ಹಳದಿ

1667ರಲ್ಲಿ ಫ್ರಾನ್ಸಿನ ಆಂದ್ರೆ ಫೆಲಿಬಿಯನ್ ಚಿತ್ರಕಾರರಿಗೆ ಮೇಲು ಕೀಳಿನ ಶ್ರೇಣಿಯೊಂದನ್ನು ಕಟ್ಟಿಕೊಟ್ಟ. ಪುರಾಣ, ಇತಿಹಾಸ ಚಿತ್ರಿಸುವವರು ಎಲ್ಲಕ್ಕಿಂತ ಮೇಲೆ. ಹಣ್ಣು, ಹೂವು, ಚಿಪ್ಪುಗಳನ್ನು ಚಿತ್ರಿಸುವವರು ಎಲ್ಲಕ್ಕಿಂತ ಕೆಳಗೆ. ಅದಕ್ಕೂ ಮೊದಲೇ ಹಾಲೆಂಡಿನ ಹಾರ್ಲೆಂ ಪಟ್ಟಣದಲ್ಲಿ ಪೀಟರ್ ಕ್ಲಾಸ್, ವಿಲ್ಲೆಂ ಹೇಡಾ ಅರ್ಧ ಸುಲಿದ ನಿಂಬೆಹಣ್ಣು, ಅರ್ಧ ತುಂಬಿದ ಗಾಜಿನ ಲೋಟಗಳಲ್ಲೇ ಬೆಳಕಿನ ಅದ್ಭುತ ತೋರಿಸಿದ್ದರು. ಆದರೂ ಆ ಶ್ರೇಣಿ ಬಹುಕಾಲ ಅಲುಗಲಿಲ್ಲ. ಅಂಥದರಲ್ಲೂ 1728ರಲ್ಲಿ ಚಿತ್ರಕಾರ ಶಾರ್ಡನ್‌ನನ್ನು ಪ್ಯಾರಿಸ್ಸಿನ ಕಲಾ ಅಕಾಡೆಮಿ ಒಳಗೆ ಸೇರಿಸಿಕೊಂಡಿತು. ಹೊಟ್ಟೆ ಬಗೆದು ಕೊಂಡಿಗೆ ತೂಗುಹಾಕಿದ ತೊರಕೆ ಮೀನಿನ ಚಿತ್ರ ಅವನನ್ನು ಅಲ್ಲಿಗೆ ಮುಟ್ಟಿಸಿದ ಕೃತಿಗಳಲ್ಲೊಂದು.

ಸ್ಟಿಲ್ ಲೈಫ್‌ಗೆ, ಅಂದರೆ ಇಂಥ ಅಲುಗದ ವಸ್ತುಗಳ ಚಿತ್ರಕ್ಕೆ, ಆ ಕೆಳಗಿನ ಸ್ಥಾನವೇ ವರವಾಯಿತು ಎಂಬುದು ನನ್ನ ಗಟ್ಟಿ ನಂಬಿಕೆ. ಭಾವಚಿತ್ರ ಬರೆಸಿಕೊಂಡವರು ಹೋಲಿಕೆ ಇಲ್ಲವೆಂದು ತಕರಾರು ತೆಗೆಯಬಹುದು, ಸೇಬುಹಣ್ಣು ತೆಗೆಯುವುದಿಲ್ಲ. ಅದಕ್ಕೆ ಕೂಲಿಯೂ ಬೇಡ. ಶೈಲಿ ಬದಲಿಸಿಕೊಳ್ಳಲು ಒದ್ದಾಡುವ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ವಿನ್ಸೆಂಟ್ ವಾನ್ ಗೋ ಪ್ಯಾರಿಸ್ಸಿನಲ್ಲಿ ಕಳೆದ ಎರಡು ವರ್ಷಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1885ರಲ್ಲಿ ಹಾಲೆಂಡಿನ ನ್ಯೂನೆನ್ ಹಳ್ಳಿಯಲ್ಲಿದ್ದಾಗ ಅವನ ಬಣ್ಣಗಳೆಲ್ಲ ಮಣ್ಣಿನವು: ಆಲೂಗಡ್ಡೆಯ ಬುಟ್ಟಿ, ಹಕ್ಕಿಗೂಡು. ಆ ವರ್ಷದ ಮಾರ್ಚಿನಲ್ಲಿ ಪಾದ್ರಿಯಾಗಿದ್ದ ತಂದೆ ತೀರಿಕೊಂಡರು. ಅಕ್ಟೋಬರಿನಲ್ಲಿ ಅವನು ತೆರೆದಿಟ್ಟ ದೊಡ್ಡ ಬೈಬಲ್ ಒಂದನ್ನು ಚಿತ್ರಿಸಿದ. ಪಕ್ಕದಲ್ಲಿ ಆರಿದ ಮೇಣದಬತ್ತಿ, ಮುಂದೆ ಫ್ರೆಂಚ್ ಲೇಖಕ ಜೋಲಾನ ಕಾದಂಬರಿ. ಕಂದು, ಕಪ್ಪುಗಳ ನಡುವೆ ಮೂಲೆ ಸವೆದ ಆ ಪುಟ್ಟ ಪುಸ್ತಕ ಮಾತ್ರ ನಿಂಬೆ ಹಳದಿ. ಮುಂದಿನದೆಲ್ಲ ಅಲ್ಲಿಂದಲೇ ಹೊರಟಿತೇನೋ ಅನ್ನಿಸುತ್ತದೆ.

1886ರಲ್ಲಿ ಅವನು ಪ್ಯಾರಿಸ್ಸಿಗೆ ಬಂದು ತಮ್ಮ ಥಿಯೋನ ಮನೆಯಲ್ಲಿ ಉಳಿದ. ಮಾಡೆಲ್‌ಗಳಿಗೆ ಕೊಡಲು ಕಾಸಿರಲಿಲ್ಲ. ಹೂವುಗಳನ್ನು ಬರೆಯುತ್ತ ಕುಳಿತ. ನೀಲಿಗೆ ಕಿತ್ತಳೆ, ಕೆಂಪಿಗೆ ಹಸಿರು, ಹಳದಿಗೆ ನೇರಳೆ: ಒಂದಕ್ಕೊಂದು ಎದುರಾದ ಬಣ್ಣಗಳನ್ನು ಅಕ್ಕಪಕ್ಕ ಇಟ್ಟರೆ ಎರಡೂ ಕಳೆಗಟ್ಟುತ್ತವೆ ಎಂದು ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲೇ ಪುಸ್ತಕ ಬರೆದಿದ್ದ. ವಾನ್ ಗೋ ಅದನ್ನು ಗುಲಾಬಿ, ಸೇವಂತಿಗೆಗಳ ಮೇಲೆ ಪ್ರಯೋಗಿಸಿದ. ಅವನ ಬಳಿ ಬಣ್ಣಬಣ್ಣದ ಉಣ್ಣೆಯ ಉಂಡೆಗಳ ಪೆಟ್ಟಿಗೆಯೊಂದಿತ್ತು. ಎರಡು ಮೂರು ಎಳೆಗಳನ್ನು ಒಟ್ಟಿಗೆ ಸುತ್ತಿ, ಯಾವ ಬಣ್ಣ ಯಾವುದರ ಜೊತೆ ಹೇಗೆ ಕೂರುತ್ತದೆಂದು ನೋಡಿಕೊಳ್ಳುತ್ತಿದ್ದ. ಬಣ್ಣದ ಹುಚ್ಚನೆಂದು ಲೋಕ ಹೇಳುವ ಮನುಷ್ಯ ಎಷ್ಟು ತಾಳ್ಮೆಯಿಂದ ಕಲಿಯುತ್ತಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದಿನ ವರ್ಷ ಚಿತ್ರಕಾರ ಸಿನ್ಯಾಕ್‌ನ ಸ್ನೇಹದಿಂದ ಚುಕ್ಕಿಗಳ ಪದ್ಧತಿ ಬಂತು. ಜಪಾನಿನ ಮರದಚ್ಚಿನ ಚಿತ್ರಗಳಿಂದ ನೆರಳಿಲ್ಲದ ಬಣ್ಣ ಬಂತು. ಚುಕ್ಕಿಗಳ ಶಿಸ್ತು ಅವನಿಗೆ ಒಗ್ಗಲಿಲ್ಲ, ಅವು ಎಳೆದು ಗೀರುಗಳಾದವು. 1887ರ ಶರತ್ಕಾಲದ 'ಕ್ವಿನ್ಸ್, ನಿಂಬೆ, ಪೇರ್ ಮತ್ತು ದ್ರಾಕ್ಷಿ' ಇದೆಲ್ಲದರ ಫಲ. ಹಣ್ಣೂ ಹಳದಿ, ನೆಲವೂ ಹಳದಿ. ಮೇಜು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹುಡುಕಿದರೆ ಸಿಗದು. ಕುಂಚದ ಗೀರುಗಳು ಹಣ್ಣುಗಳ ಸುತ್ತ ಹರಡಿವೆ; ಅಲ್ಲಲ್ಲಿ ಹಸಿರು, ಕೆಂಪು ಇಣುಕದಿದ್ದರೆ ಹಳದಿ ಇಷ್ಟು ಉರಿಯುತ್ತಿರಲಿಲ್ಲ. ಅದೂ ಸಾಲದೆಂದು ಮರದ ಚೌಕಟ್ಟಿಗೂ ತಾನೇ ಹಳದಿ ಬಳಿದ. ಅವನ ಕೈಯಿಂದ ಬಣ್ಣ ಕಂಡ ಚೌಕಟ್ಟುಗಳಲ್ಲಿ ಉಳಿದಿರುವುದು ಇದೊಂದೇ. ಚಿತ್ರದ ಮೇಲೆ ಥಿಯೋನಿಗೆ ಅರ್ಪಣೆ ಇದೆ. ಆಮ್‌ಸ್ಟರ್‌ಡ್ಯಾಮ್‌ನ ವಾನ್ ಗೋ ಮ್ಯೂಸಿಯಂನಲ್ಲಿ ಇದನ್ನು ನೋಡಬಹುದು. ಮರುವರ್ಷ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದ ಸೂರ್ಯಕಾಂತಿಗಳಿಗೆ ಸಿಕ್ಕ ಕೀರ್ತಿಯಲ್ಲಿ ಒಂದು ಪಾಲು ಈ ಹಣ್ಣುಗಳಿಗೂ ಸಲ್ಲಬೇಕು. ಹಳದಿಯ ಮೇಲೆ ಹಳದಿ ನಿಲ್ಲಬಲ್ಲದೆಂದು ಅವನು ಕಂಡುಕೊಂಡಿದ್ದು ಇಲ್ಲೇ.

ಸ್ಟಿಲ್ ಲೈಫ್‌ನಲ್ಲಿ ಇನ್ನೊಬ್ಬ ಚಿತ್ರಕಾರ ಸೆಜಾನ್ ಹಿಡಿದ ದಾರಿ ಬೇರೆ. ಷಿಕಾಗೋದಲ್ಲಿರುವ ಅವನ 'ಸೇಬಿನ ಬುಟ್ಟಿ'ಯಲ್ಲಿ ಮೇಜಿನ ಅಂಚು ಬಟ್ಟೆಯ ಈ ಬದಿಗೊಂದು ಮಟ್ಟ, ಆ ಬದಿಗೊಂದು ಮಟ್ಟ. ಒಂದೇ ನಿಲುವಿನಿಂದ ನೋಡಬೇಕೆಂಬ ನಿಯಮ ಅಲ್ಲಿ ಸಡಿಲವಾಯಿತು. ಬ್ರಾಕ್, ಪಿಕಾಸೊ ಅದನ್ನೇ ಹಿಡಿದು ಲೋಟ, ಪಿಟೀಲುಗಳನ್ನು ಚೂರುಚೂರು ಮಾಡಿದರು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನೇ ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಚೌಕಟ್ಟಿನ ಬದಲು ಹಗ್ಗ ಬಿಗಿದ. ಹೊರಗಿನ ವಸ್ತು ನೇರವಾಗಿ ಚಿತ್ರದೊಳಕ್ಕೆ ಬಂದು ಕೂತ ಆ ಮೊದಲ ಕೊಲಾಜ್‌ಗಳಲ್ಲಿ ಒಂದಾದ ಅದೂ ಸ್ಟಿಲ್ ಲೈಫೇ.